ಧಾರವಾಡದಲ್ಲಿ ಒಂದು ಕಾಲಕ್ಕೆ ‘ಹಿಮಾಲಯ’ ಇತ್ತೇ? ಖಂಡಗಳ ಡಿಕ್ಕಿ, ಕಪ್ಪತಗುಡ್ಡ ಮತ್ತು ಭೂಕಂಪದ ಭಯ

ಭೂಮಿ ನಡುಗಿದ ಸುದ್ದಿ ಎಲ್ಲಿಂದಲೇ ಬರಲಿ, ಅದರ ಬೆನ್ನಿಗೇ ಮೊಬೈಲ್‌ಗೆ ಇಂಥದ್ದೊಂದು ಸಂದೇಶ ಬಂದು ಬೀಳುವುದುಂಟು: “ಹುಬ್ಬಳ್ಳಿ-ಧಾರವಾಡ ಇರುವುದು ಎರಡು ಖಂಡಗಳು ಡಿಕ್ಕಿ ಹೊಡೆದ ಜಾಗದಲ್ಲಿ. ಇಲ್ಲಿ ಹಿಂದೆ ಹಿಮಾಲಯಕ್ಕಿಂತ ಎತ್ತರದ ಪರ್ವತ ಇತ್ತು. ಪಶ್ಚಿಮ ಘಟ್ಟ ಅದರ ಉಳಿಕೆ. ಆ ಬಿರುಕು ಈಗಲೂ ನಮ್ಮ ಕಾಲ ಕೆಳಗಿದೆ, ಯಾವಾಗ ಬೇಕಾದರೂ ಬಾಯಿ ತೆರೆಯಬಹುದು. ಎಲ್ಲರಿಗೂ ಕಳುಹಿಸಿ.”

ಇಂಥ ಸಂದೇಶಗಳಲ್ಲಿ ತೊಂದರೆ ಏನೆಂದರೆ ಪೂರ್ತಿ ಸುಳ್ಳು ಇರುವುದಿಲ್ಲ. ಕಾಲು ಭಾಗ ವಿಜ್ಞಾನ, ಮುಕ್ಕಾಲು ಭಾಗ ಭಯ. ಹಾಗಾಗಿ ಒಂದೊಂದೇ ಮಾತನ್ನು ಬಿಡಿಸಿ ನೋಡೋಣ.

ಚುಟುಕು ಉತ್ತರ

• ಧಾರವಾಡ ಸೀಮೆಯಲ್ಲಿ ಬಹಳ ಹಿಂದೆ ಭೂಭಾಗಗಳು ಒಂದಕ್ಕೊಂದು ಒತ್ತಿ ಪರ್ವತ ಎದ್ದಿತ್ತೇ? ಹೌದು, ಸುಮಾರು 250 ಕೋಟಿ ವರ್ಷಗಳ ಹಿಂದೆ. ಹೆಚ್ಚಿನ ಭೂವಿಜ್ಞಾನಿಗಳು ಒಪ್ಪುವ ಮಾತು ಇದು.

• ಅದು ಹಿಮಾಲಯಕ್ಕಿಂತ ಎತ್ತರವಿತ್ತೇ? ಹಾಗೆ ಹೇಳಲು ಯಾವ ಆಧಾರವೂ ಇಲ್ಲ.

• ಪಶ್ಚಿಮ ಘಟ್ಟ ಆ ಡಿಕ್ಕಿಯಿಂದ ಎದ್ದಿದ್ದೇ? ಅಲ್ಲ. ಘಟ್ಟ ಮೂಡಿದ್ದು ಭೂಭಾಗಗಳು ಕೂಡಿದ್ದರಿಂದಲ್ಲ, ಬೇರೆಯಾದದ್ದರಿಂದ.

• ಆ ಹಳೆಯ ಗಡಿ ಈಗ ಬಾಯಿ ತೆರೆದು ಹುಬ್ಬಳ್ಳಿಯನ್ನು ನುಂಗುತ್ತದೆಯೇ? ಇಲ್ಲ. ಆ ಗಡಿ ಹುಬ್ಬಳ್ಳಿಯ ಕೆಳಗೇ ಇಲ್ಲ.

ಜಗತ್ತಿನ ಪುಸ್ತಕಗಳಲ್ಲಿ ‘ಧಾರವಾಡ’ ಯಾಕಿದೆ?

ಪೇಢೆಗೆ, ಹಿಂದುಸ್ತಾನಿ ಸಂಗೀತಕ್ಕೆ ಹೆಸರಾದ ಧಾರವಾಡ ಇನ್ನೊಂದು ಲೋಕದಲ್ಲೂ ಹೆಸರುವಾಸಿ. ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ ಭೂವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ‘ಧಾರ್ವಾರ್ ಕ್ರೇಟಾನ್’ ಎಂಬ ಹೆಸರು ಪರಿಚಿತ. ಕ್ರೇಟಾನ್ ಎಂದರೆ ಖಂಡದ ಒಳಗಿನ ಬಹಳ ಹಳೆಯ, ಗಟ್ಟಿಯಾದ, ಕೋಟ್ಯಂತರ ವರ್ಷಗಳಿಂದ ಹೆಚ್ಚು ಅಲುಗಾಡದೆ ಕುಳಿತ ಭಾಗ. ಕರ್ನಾಟಕದ ಬಹುಭಾಗ, ಆಂಧ್ರ ಮತ್ತು ತೆಲಂಗಾಣದ ಒಂದಿಷ್ಟು ಪ್ರದೇಶ ಈ ಕ್ರೇಟಾನಿಗೆ ಸೇರುತ್ತವೆ.

ಈ ಹೆಸರಿನ ಹಿಂದೆ ಇರುವವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ಈ ಅಧಿಕಾರಿ ದಕ್ಷಿಣ ಭಾರತದ ಗುಡ್ಡಗಾಡುಗಳನ್ನು ಸುತ್ತಿ ನಕ್ಷೆ ಮಾಡಿದವರು. ಈ ಸೀಮೆಯಲ್ಲಿ ಉದ್ದುದ್ದ ಪಟ್ಟಿಗಳಂತೆ ಹಬ್ಬಿರುವ ಒಂದು ಬಗೆಯ ಪದರುಗಲ್ಲುಗಳು ಸುತ್ತಲಿನ ಬಂಡೆಗಳಿಗಿಂತ ಬೇರೆಯಾಗಿರುವುದನ್ನು ಗುರುತಿಸಿ, 1880ರ ದಶಕದಲ್ಲಿ ಅವಕ್ಕೆ ‘ಧಾರವಾಡ ಶಿಲಾವ್ಯವಸ್ಥೆ’ ಎಂದು ಹೆಸರಿಟ್ಟರು. ಅಂದಿನಿಂದ ಜಿಲ್ಲೆಯೊಂದರ ಹೆಸರು ಭೂಮಿಯ ಇತಿಹಾಸದ ಒಂದು ಅಧ್ಯಾಯದ ಹೆಸರಾಗಿದೆ.

ಇಷ್ಟು ಹಳೆಯ ಕಾಲವನ್ನು ಅಳೆಯುವುದು ಹೇಗೆ? ಗ್ರಾನೈಟ್‌ನಂಥ ಬಂಡೆಗಳಲ್ಲಿ ಜಿರ್ಕಾನ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿರುತ್ತವೆ. ಹರಳು ಹುಟ್ಟುವಾಗ ಅದರೊಳಗೆ ಚೂರು ಯುರೇನಿಯಂ ಸೇರಿಕೊಳ್ಳುತ್ತದೆ. ಯುರೇನಿಯಂ ನಿಗದಿತ ವೇಗದಲ್ಲಿ ಸೀಸವಾಗಿ ಬದಲಾಗುತ್ತಾ ಹೋಗುತ್ತದೆ. ಯುರೇನಿಯಂ-238 ಅರ್ಧದಷ್ಟು ಆಗಲು 447 ಕೋಟಿ ವರ್ಷ ಬೇಕು. ಹರಳಿನಲ್ಲಿ ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟಾಗಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಹೀಗೆ ಅಳೆದಾಗ ಹಾಸನ ಜಿಲ್ಲೆಯ ಗೊರೂರು ಸುತ್ತಲಿನ ನೈಸ್ ಶಿಲೆಗಳಿಗೆ 330 ಕೋಟಿ ವರ್ಷಗಳ ಆಸುಪಾಸು ವಯಸ್ಸು ಸಿಕ್ಕಿದೆ. ಧಾರವಾಡದ ಪದರುಗಲ್ಲುಗಳು ಅದಕ್ಕಿಂತ ಚಿಕ್ಕವು: ಸುಮಾರು 290ರಿಂದ 260 ಕೋಟಿ ವರ್ಷ.

ಅಂಕಿ ದೊಡ್ಡದಾದಾಗ ಅದರ ಅಳತೆ ತಲೆಗೆ ಹತ್ತುವುದಿಲ್ಲ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಎಂದು ಲೆಕ್ಕ ಹಾಕಿ ನೋಡಿ. ನೂರು ವರ್ಷದ ಅಜ್ಜನ ಆಯುಷ್ಯ 10 ಸೆಂ.ಮೀ., ಒಂದು ಗೇಣಿಗಿಂತ ಕಡಿಮೆ. ಹಿಮಾಲಯವನ್ನು ಎಬ್ಬಿಸಿದ ಡಿಕ್ಕಿ 50 ಕಿ.ಮೀ. ಆಚೆ, ಅಂದರೆ ಹುಬ್ಬಳ್ಳಿಯಿಂದ ಹೊರಟರೆ ಗದಗ ಇನ್ನೂ ಮುಟ್ಟಿರುವುದಿಲ್ಲ. ಧಾರವಾಡದ ಡಿಕ್ಕಿ 2,500 ಕಿ.ಮೀ. ದೂರ. ಅದನ್ನು ಮುಟ್ಟಬೇಕಾದರೆ ಹುಬ್ಬಳ್ಳಿಯಿಂದ ದೆಹಲಿ ದಾಟಿ ಹೆಚ್ಚುಕಡಿಮೆ ಶ್ರೀನಗರಕ್ಕೇ ಹೋಗಬೇಕು.

ಖಂಡಗಳು ಡಿಕ್ಕಿ ಹೊಡೆದರೆ ಏನಾಗುತ್ತದೆ?

ಮೊದಲು ನಮಗೆಲ್ಲ ಗೊತ್ತಿರುವ ಹಿಮಾಲಯವನ್ನೇ ನೋಡೋಣ. ಭೂಮಿಯ ಹೊರಚಿಪ್ಪು ಹಲವು ದೊಡ್ಡ ಫಲಕಗಳಾಗಿ ಒಡೆದಿದೆ. ಈ ಫಲಕಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುತ್ತವೆ, ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವ ವೇಗ. ಭಾರತ ದಕ್ಷಿಣದಿಂದ ಉತ್ತರಕ್ಕೆ ಸರಿದು ಬಂದು ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ತಾಗಿತು. ನಡುವೆ ಇದ್ದ ಟೆಥಿಸ್ ಎಂಬ ಸಮುದ್ರ ಮುಚ್ಚಿಹೋಯಿತು. ಅದರ ತಳದ ಕೆಸರು ಮತ್ತು ಸುಣ್ಣಗಲ್ಲು ಹಿಂಡಿಕೊಂಡು ಮೇಲೆದ್ದವು.

ಇದಕ್ಕೆ ಪುರಾವೆ ಎಷ್ಟೋ ಮನೆಗಳ ದೇವರ ಜಗುಲಿಯಲ್ಲೇ ಇದೆ. ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮದಲ್ಲಿ ಕಾಣುವ ಚಕ್ರದ ಗುರುತು ಅಮ್ಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನದು. ಸಮುದ್ರದಲ್ಲಿ ಬದುಕಿದ್ದ ಪ್ರಾಣಿಯ ಅಚ್ಚು ಹಿಮಾಲಯದ ನದಿಯಲ್ಲಿ ಸಿಗುತ್ತದೆ ಎಂದರೆ ಸಮುದ್ರದ ತಳವೇ ಅಲ್ಲಿಯವರೆಗೆ ಏರಿದೆ ಎಂದರ್ಥ.

ಡಿಕ್ಕಿ ಎಂದಾಗ ಹೆದ್ದಾರಿಯ ಅಪಘಾತ ನೆನಪಾಗುತ್ತದೆ. ಆದರೆ ಇದು ಒಂದು ಕ್ಷಣದ ಹೊಡೆತವಲ್ಲ, ಕೋಟ್ಯಂತರ ವರ್ಷ ನಡೆಯುವ ಒತ್ತಡ. ನೆಲದ ಮೇಲೆ ಒಂದು ಕೌದಿ ಹಾಸಿ, ಎರಡೂ ಕಡೆಯಿಂದ ಅಂಗೈಯಿಂದ ಮೆಲ್ಲಗೆ ಒತ್ತಿ. ಮೂರು ಸಂಗತಿ ಕಾಣುತ್ತವೆ. ಕೌದಿಯ ಅಗಲ ಕಡಿಮೆಯಾಗುತ್ತದೆ. ನೆರಿಗೆಗಳು ಏಳುತ್ತವೆ. ಆ ನೆರಿಗೆಗಳು ನೀವು ಒತ್ತಿದ ದಿಕ್ಕಿಗೆ ಅಡ್ಡವಾಗಿ ಮಲಗುತ್ತವೆ. ಇನ್ನೂ ಒತ್ತಿದರೆ ಒಂದು ನೆರಿಗೆ ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ.

ಪರ್ವತಗಳ ಒಳಗೂ ಹೀಗೇ ಆಗುತ್ತದೆ. ಪದರಗಳು ಮಡಚಿಕೊಳ್ಳುತ್ತವೆ, ಹಾಳೆಹಾಳೆಯಾಗಿ ಒಂದರ ಮೇಲೊಂದು ಏರುತ್ತವೆ. ಕೆಳಗೆ ಸಿಕ್ಕಿಕೊಂಡ ಕಲ್ಲು ಒತ್ತಡ ಮತ್ತು ಶಾಖಕ್ಕೆ ತನ್ನ ಗುಣವನ್ನೇ ಬದಲಿಸಿಕೊಳ್ಳುತ್ತದೆ: ಕೆಸರು ಪದರುಗಲ್ಲಾಗುತ್ತದೆ, ಲಾವಾ ಹಸಿರು ಛಾಯೆಯ ಶಿಸ್ಟ್ ಆಗುತ್ತದೆ. ಇನ್ನೂ ಆಳದಲ್ಲಿ ಕಲ್ಲು ಕರಗಿ ಗ್ರಾನೈಟ್ ಹುಟ್ಟುತ್ತದೆ. ಎರಡು ಭೂಭಾಗಗಳು ಕೂಡಿದ ಜಾಗ ಹೊಲಿಗೆಯ ಗುರುತಿನಂತೆ ಉದ್ದವಾಗಿ ಉಳಿಯುತ್ತದೆ. ಪರ್ವತದ ಎತ್ತರ ಮಳೆಗಾಳಿಗೆ ಸವೆದು ಹೋಗಬಹುದು. ಆದರೆ ನೆರಿಗೆಯ ದಿಕ್ಕು, ಪದರಗಳ ವಾಲು, ಬದಲಾದ ಕಲ್ಲು, ಹೊಲಿಗೆಯ ಗುರುತು ಅಳಿಯುವುದಿಲ್ಲ. ಧಾರವಾಡದಲ್ಲಿ ಉಳಿದಿರುವುದು ಇವೇ.

ಹಾಗಾದರೆ ಧಾರವಾಡದಲ್ಲಿ ನಡೆದದ್ದೇನು?

ಮೊದಲು ಇಲ್ಲಿ ಸಮುದ್ರವಿತ್ತು. ಚಿತ್ರದುರ್ಗದ ಹತ್ತಿರ ಮಾರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿವೆ. ನೀರಿನಡಿಯಲ್ಲಿ ಲಾವಾ ಉಕ್ಕಿದಾಗ ಹೊರಮೈ ಥಟ್ಟನೆ ತಣಿದು ಇಂಥ ದಿಂಬಿನ ಆಕಾರ ಬರುತ್ತದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹುಬ್ಬಳ್ಳಿ-ಧಾರವಾಡದ ಸುತ್ತಲೂ ಸಿಗುವ ಗ್ರೇವ್ಯಾಕ್ ಎಂಬ ಬೂದು ಬಣ್ಣದ ಕಲ್ಲು ಕೂಡ ಸಮುದ್ರದ್ದೇ. ಮರಳು ಮತ್ತು ಕೆಸರು ಒಟ್ಟಿಗೆ ಜಾರಿ ಆಳ ನೀರಿನ ತಳದಲ್ಲಿ ಪದರ ಪದರವಾಗಿ ಕೂತಾಗ ಇದು ಆಗುತ್ತದೆ. ಧಾರವಾಡದ ಕೆಂಪು ಮಸಾರಿ ಮಣ್ಣನ್ನು ಅಗೆಯುತ್ತಾ ಹೋದರೆ ಕೆಳಗೆ ಸಿಗುವುದು ಇಂಥ ಪದರುಗಲ್ಲುಗಳೇ.

ಆಮೇಲೆ ಒತ್ತಡ ಬಂತು. ಭೂವಿಜ್ಞಾನಿಗಳು ಧಾರವಾಡ ಕ್ರೇಟಾನನ್ನು ಪಶ್ಚಿಮ ಮತ್ತು ಪೂರ್ವ ಎಂದು ಎರಡು ಭಾಗ ಮಾಡುತ್ತಾರೆ. ಪಶ್ಚಿಮದ ಭಾಗ ಹೆಚ್ಚು ಹಳೆಯದು. ಪೂರ್ವದ ಬಹುಭಾಗ 270ರಿಂದ 250 ಕೋಟಿ ವರ್ಷಗಳ ನಡುವಿನದು. ಇವೆರಡರ ಗಡಿ ಎಂದು ಸಾಮಾನ್ಯವಾಗಿ ಗುರುತಿಸುವುದು ಗದಗದಿಂದ ಚಿತ್ರದುರ್ಗದ ಮೂಲಕ ಮಂಡ್ಯದ ಕಡೆಗೆ ಹಾಯುವ ಒಂದು ಉದ್ದನೆಯ ವಲಯವನ್ನು. ಅಲ್ಲಿ ಕಲ್ಲುಗಳು ಜಜ್ಜಿ, ಎಳೆದು, ಹಿಂಜಿದಂತೆ ಆಗಿವೆ. ಇಂದಿನ ದಿಕ್ಕಿನಲ್ಲಿ ಹೇಳುವುದಾದರೆ ಒತ್ತಡ ಪೂರ್ವ-ಪಶ್ಚಿಮವಾಗಿ ಬಿತ್ತು. ಅದಕ್ಕೇ ನೆರಿಗೆಗಳು ಅದಕ್ಕೆ ಅಡ್ಡವಾಗಿ, ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಚಾಚಿಕೊಂಡಿವೆ. ಕೌದಿಯ ನೆರಿಗೆ ನೆನಪಿಸಿಕೊಳ್ಳಿ.

ಈ ಘಟ್ಟದ ಕೊನೆಗೆ, ಸುಮಾರು 252 ಕೋಟಿ ವರ್ಷಗಳ ಹಿಂದೆ, ಆಳದಿಂದ ಕರಗಿದ ಕಲ್ಲು ಉದ್ದಕ್ಕೂ ಏರಿ ಬಂದು ಗಟ್ಟಿಯಾಯಿತು. ಇದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಹೆಸರು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಕ್ಲೋಸ್‌ಪೇಟ್. ರಾಮನಗರದ ಬೋಳುಬಂಡೆಗಳಿಂದ ಹಂಪಿಯ ಕಡೆಯವರೆಗೂ ಹೆಚ್ಚುಕಡಿಮೆ 400 ಕಿ.ಮೀ. ಈ ಗ್ರಾನೈಟ್ ಪಟ್ಟಿ ಚಾಚಿದೆ.

ಇಲ್ಲೊಂದು ಮಾತು ಸೇರಿಸಬೇಕು. ಅದು ಹಿಮಾಲಯದ ಡಿಕ್ಕಿಯ ಯಥಾವತ್ ನಕಲು ಎಂದು ಎಲ್ಲ ವಿಜ್ಞಾನಿಗಳೂ ಹೇಳುವುದಿಲ್ಲ. ಅಂದಿನ ಭೂಮಿ ಒಳಗೆ ಇಂದಿಗಿಂತ ಬಿಸಿಯಾಗಿತ್ತು, ಚಿಪ್ಪು ಮೆತ್ತಗಿತ್ತು. ಫಲಕಗಳು ಅಡ್ಡಡ್ಡ ಸರಿದು ಒತ್ತಿದ್ದೇ ಮುಖ್ಯ ಕಾರಣ ಎಂದು ಒಂದು ಪಕ್ಷ. ಭಾರವಾದ ಲಾವಾ ಪದರಗಳು ಕೆಳಗೆ ಕುಸಿದು, ಹಗುರವಾದ ಗ್ರಾನೈಟ್ ಗುಮ್ಮಟದಂತೆ ಮೇಲೆದ್ದದ್ದೂ ದೊಡ್ಡ ಕಾರಣ ಎಂದು ಇನ್ನೊಂದು ಪಕ್ಷ. ಎರಡೂ ನಡೆದಿವೆ ಎನ್ನುವವರೂ ಇದ್ದಾರೆ. ಕೊನೆಯಲ್ಲಿ ಇಡೀ ಸೀಮೆ ಪೂರ್ವ-ಪಶ್ಚಿಮವಾಗಿ ಹಿಂಡಿಕೊಂಡಿತು ಎಂಬುದು ಮಾತ್ರ ಕಲ್ಲಿನಲ್ಲೇ ಬರೆದಿದೆ.

‘ಹಿಮಾಲಯಕ್ಕಿಂತ ಎತ್ತರ’ ಎಂಬ ಮಾತಿಗೆ ಆಧಾರವಿಲ್ಲ ಎನ್ನುವುದೂ ಇದರಿಂದಲೇ. ಸವೆದು ಹೋದ ಶಿಖರದ ಎತ್ತರವನ್ನು ಕಲ್ಲು ನೆನಪಿಟ್ಟುಕೊಳ್ಳುವುದಿಲ್ಲ. ಜೊತೆಗೆ, ಬಿಸಿಯಾದ ಮೆತ್ತನೆಯ ಚಿಪ್ಪು ಇಂದಿನ ಎವರೆಸ್ಟ್‌ನಂಥ 8,848 ಮೀಟರ್ ಎತ್ತರದ ಭಾರವನ್ನು ಹೊರಲು ಕಷ್ಟ ಎಂಬ ವಾದವೂ ಇದೆ. ಗಟ್ಟಿ ಬೆಲ್ಲದ ರಾಶಿ ಎತ್ತರಕ್ಕೆ ನಿಲ್ಲುತ್ತದೆ, ಬಿಸಿ ಪಾಕ ಹರಡಿಕೊಳ್ಳುತ್ತದೆ.

ಹಾಗಿದ್ದರೆ ಆ ಪರ್ವತ ಹೋಗಿದ್ದೆಲ್ಲಿ?

ಇಂದು ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹುಬ್ಬಳ್ಳಿ ಅದಕ್ಕಿಂತ ತುಸು ತಗ್ಗು. ಪರ್ವತವನ್ನು ತಿಂದದ್ದು ಮಳೆ, ಗಾಳಿ, ಬಿಸಿಲು, ಹೊಳೆ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಂದರೆ ಒಂದು ಕೂದಲೆಳೆಯಷ್ಟು ಸವೆದರೂ 1 ಕೋಟಿ ವರ್ಷದಲ್ಲಿ 1 ಕಿ.ಮೀ. ದಪ್ಪ ಕಲ್ಲು ಹೋಗುತ್ತದೆ. ಕಾಲವಂತೂ 250 ಕೋಟಿ ವರ್ಷ ಇತ್ತು.

ಆದರೆ ಸವೆತ ಅಷ್ಟು ಸರಳವಲ್ಲ. ಪರ್ವತಕ್ಕೆ ಕೆಳಗೂ ಬೇರು ಇರುತ್ತದೆ. ನೀರಿನಲ್ಲಿ ತೇಲುವ ಮಂಜುಗಡ್ಡೆಯ ಮೇಲಿನ ಭಾಗ ಕತ್ತರಿಸಿದರೆ ಕೆಳಗಿನದು ಒಂದಿಷ್ಟು ಮೇಲೆ ಬರುವುದಿಲ್ಲವೇ, ಹಾಗೆ. ಪರ್ವತದ ತಲೆಯಿಂದ 1 ಕಿ.ಮೀ. ಕಲ್ಲು ಸವೆದರೆ ಕೆಳಗಿನ ಬೇರು ಸುಮಾರು 800 ಮೀಟರ್ ಮೇಲೇಳುತ್ತದೆ. ಅದು ಮತ್ತೆ ಸವೆಯುತ್ತದೆ, ಮತ್ತೆ ಏಳುತ್ತದೆ. ಹೀಗಾಗಿ ಒಂದು ಕಾಲಕ್ಕೆ ಬಹಳ ಆಳದಲ್ಲಿದ್ದ ಕಲ್ಲು ಇಂದು ನೆಲದ ಮೇಲೆ ಕಾಣುತ್ತದೆ.

ಕರ್ನಾಟಕದ ವಿಶೇಷ ಏನೆಂದರೆ ಈ ಚಿಪ್ಪು ಸ್ವಲ್ಪ ವಾಲಿಕೊಂಡಿದೆ, ದಕ್ಷಿಣದ ಕಡೆ ಹೆಚ್ಚು ಮೇಲೆದ್ದು ಹೆಚ್ಚು ಸವೆದಿದೆ. ಧಾರವಾಡ-ಗದಗದ ಕಡೆ ಕಾಣುವುದು ಹಳೆಯ ಪರ್ವತದ ಮೇಲಂತಸ್ತಿನ ಕಲ್ಲು. ದಕ್ಷಿಣಕ್ಕೆ ಹೋದಂತೆ ಕೆಳಗಿನ ಅಂತಸ್ತು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಗುವ ಚಾರ್ನೊಕೈಟ್ ಶಿಲೆಗಳು 20 ಕಿ.ಮೀ.ಗೂ ಹೆಚ್ಚು ಆಳದ ಶಾಖ ಮತ್ತು ಒತ್ತಡ ಕಂಡವು. ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಬಿ.ಆರ್. ಹಿಲ್ಸ್‌ಗೆ ಹೋಗುವುದೆಂದರೆ ಒಂದು ಹಳೆಯ ಪರ್ವತದ ಅಟ್ಟದಿಂದ ಅದರ ನೆಲಮಾಳಿಗೆಗೆ ಇಳಿದಂತೆ. ಮೆಟ್ಟಿಲು ಮಾತ್ರ ಕಾಣುವುದಿಲ್ಲ.

ಬೇರು ಪೂರ್ತಿ ಹೋಗಿಲ್ಲ ಎನ್ನುವುದಕ್ಕೂ ಗುರುತಿದೆ. 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ ನೆಲದೊಳಗೆ ಕಂಪನ ಅಲೆಗಳನ್ನು ಹಾಯಿಸಿ, ಅವು ಮರಳುವ ಹೊತ್ತನ್ನು ಅಳೆದು ಚಿಪ್ಪಿನ ದಪ್ಪ ಕಂಡುಹಿಡಿಯುವ ಕೆಲಸ ನಡೆಯಿತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಮಾಡಿದರು. ಆಮೇಲೆ ಭೂಕಂಪದ ಅಲೆಗಳನ್ನು ಬಳಸಿ ನಡೆದ ಅಧ್ಯಯನಗಳ ಪ್ರಕಾರ ಚಿಪ್ಪಿನ ದಪ್ಪ ಪೂರ್ವ ಭಾಗದಲ್ಲಿ ಸುಮಾರು 34ರಿಂದ 39 ಕಿ.ಮೀ., ಪಶ್ಚಿಮ ಭಾಗದಲ್ಲಿ ಹಲವೆಡೆ 42ರಿಂದ 50 ಕಿ.ಮೀ. ಮೇಲೆ ಪರ್ವತವಿಲ್ಲದಿದ್ದರೂ ಕೆಳಗೆ ಅದರ ದಪ್ಪ ಉಳಿದಿದೆ.

ನೀವೇ ನೋಡಬಹುದಾದ ಗುರುತುಗಳು

ಕಪ್ಪತಗುಡ್ಡ: ಗದಗದಿಂದ ಆಗ್ನೇಯಕ್ಕೆ ಚಾಚಿದ ಈ ಗುಡ್ಡಸಾಲನ್ನು ಮೊಬೈಲ್‌ನ ಮ್ಯಾಪ್‌ನಲ್ಲಿ ಸ್ಯಾಟಲೈಟ್ ನೋಟ ಹಾಕಿ ನೋಡಿ. ಗೆರೆ ಎಳೆದಂತೆ ಸಾಲುಸಾಲು ದಿಬ್ಬಗಳು ಕಾಣುತ್ತವೆ. ಅದೇ ಪಟ್ಟಿ ಮುಂದೆ ಚಿತ್ರದುರ್ಗ, ಚಿಕ್ಕನಾಯಕನಹಳ್ಳಿ ಹಾದು ಶ್ರೀರಂಗಪಟ್ಟಣದ ಕಡೆಗೆ 400 ಕಿ.ಮೀ.ಗೂ ಹೆಚ್ಚು ಸಾಗುತ್ತದೆ. ಗದಗದಲ್ಲೂ ಚಿತ್ರದುರ್ಗದಲ್ಲೂ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳ ಸಾಲು ಕಾಣುವುದು ಇದೇ ಪಟ್ಟಿಯ ಮೇಲೆ. ಆದರೆ ಇವು ಡಿಕ್ಕಿಯಲ್ಲಿ ಎದ್ದ ಹಳೆಯ ಶಿಖರಗಳಲ್ಲ. ಕಬ್ಬಿಣದ ಅದಿರಿನ ಪಟ್ಟೆಗಳಿರುವ ಗಟ್ಟಿ ಕಲ್ಲು ಸವೆಯದೆ ನಿಂತಿದೆ, ಅಕ್ಕಪಕ್ಕದ ಮೆದು ಕಲ್ಲು ಸವೆದು ತಗ್ಗಾಗಿದೆ. ಮಾಂಸ ಹೋಗಿ ಎಲುಬು ಕಾಣುವಂತೆ.

ಅಣ್ಣಿಗೇರಿ ಮತ್ತು ಲಕ್ಕುಂಡಿಯ ಗುಡಿಗಳು: ಬಾದಾಮಿ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಂದರೆ ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಗಳು ಹಸಿರು-ಕಪ್ಪು ಛಾಯೆಯ ಮೆದುಗಲ್ಲಿನಲ್ಲಿವೆ. ನಾವು ಬಳಪದ ಕಲ್ಲು ಎನ್ನುವ ಜಾತಿಯ ಶಿಲೆ ಇದು. ಹಳೆಯ ಲಾವಾ ಒತ್ತಡ-ಶಾಖಕ್ಕೆ ಸಿಕ್ಕಿ ಬದಲಾದಾಗ ಇಂಥ ಕಲ್ಲು ಹುಟ್ಟುತ್ತದೆ. ಚಾಣಕ್ಕೆ ಸುಲಭವಾಗಿ ಬಗ್ಗುವ ಗುಣ ಇರುವುದರಿಂದಲೇ ಚರಕಿಗೆ ಹಾಕಿ ತಿರುಗಿಸಿದಂಥ ಕಂಬ, ನೂಲಿನಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು. ಆ ಕುಸುರಿ ಶಿಲ್ಪಿಯದು, ಆ ಮೆದುತನ 250 ಕೋಟಿ ವರ್ಷಗಳ ಹಿಂದಿನ ಒತ್ತಡದ್ದು.

ಸವದತ್ತಿಯ ಯಲ್ಲಮ್ಮನ ಗುಡ್ಡ ಮತ್ತು ನವಿಲುತೀರ್ಥ: ಇದು ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಮಲಪ್ರಭೆ ಕೊರೆದು ಸಾಗುವ ಈ ಗುಡ್ಡಗಳ ಕಲ್ಲು ‘ಕಲಾದಗಿ’ ಎಂಬ ಬೇರೆ ಗುಂಪಿನದು. ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನಲ್ಲಿ ಬಿದ್ದ ಮರಳು ಗಟ್ಟಿಯಾಗಿ ಆದದ್ದು. ಈ ಮರಳು ಬಂದು ಕೂತದ್ದು ಧಾರವಾಡದ ಮಡಚಿದ ಪದರುಗಲ್ಲುಗಳ ಮೇಲೆ, ಅವು ಸವೆದು ಸಪಾಟಾದ ಮೇಲೆ. ಕಲಾದಗಿ ಶಿಲೆಗಳ ಬುಡದಲ್ಲಿ ಹಲವೆಡೆ ಹಳೆಯ ಬಂಡೆಗಳಿಂದ ಒಡೆದು ಉರುಳಿ ಬಂದ ಗುಂಡುಗಲ್ಲುಗಳೂ ಸಿಕ್ಕಿಕೊಂಡಿವೆ. ಅಂದರೆ ಯಲ್ಲಮ್ಮನ ಗುಡ್ಡದ ಮರಳು ಬೀಳುವ ಹೊತ್ತಿಗಾಗಲೇ ಧಾರವಾಡದ ಪರ್ವತ ನೆಲಸಮವಾಗಿತ್ತು. ಅದು ಈಗ ಮತ್ತೆ ಏಳುತ್ತದೆ ಎಂದು ಹೆದರಿಸುವವರಿಗೆ ಈ ಗುಡ್ಡವೇ ಉತ್ತರ.

ಪಶ್ಚಿಮ ಘಟ್ಟದ ಕಥೆ ಬೇರೆ

‘ಪಶ್ಚಿಮ ಘಟ್ಟ ಹಿಮಾಲಯಕ್ಕಿಂತ ಹಳೆಯದು’ ಎಂಬ ಮಾತು ಸರಿ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಯುನೆಸ್ಕೋ ಕೂಡ ಹಾಗೇ ಹೇಳಿದೆ. ಆದರೆ ಘಟ್ಟ ಹುಟ್ಟಿದ ರೀತಿ ಡಿಕ್ಕಿಯದಲ್ಲ.

ಒಂದು ಕಾಲಕ್ಕೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಆ ದ್ವೀಪದ ಪೂರ್ವ ಭಾಗದಲ್ಲಿ ಧಾರವಾಡದ್ದೇ ಜಾತಿಯ, ಅದೇ ಕಾಲದ ಬಂಡೆಗಳಿವೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಎರಡೂ ಬೇರೆಯಾದವು. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಕಂಬದಂಥ ಬಂಡೆಗಳು ಆ ಬೇರ್ಪಡೆಯ ಹೊತ್ತಿಗೆ ಉಕ್ಕಿದ ಲಾವಾದವು. ಭೂಮಿ ಸೀಳಿದಾಗ ಅಂಚು ಮೇಲೆದ್ದಿತು. ಆ ಅಂಚನ್ನು ಮಳೆ ಮತ್ತು ಹೊಳೆಗಳು ಕೊರೆದು ಕಡಿದಾದ ಗೋಡೆ ಮಾಡಿದವು. ಅದೇ ಘಟ್ಟ.

ಇದನ್ನು ತಿಳಿಯಲು ಹುಬ್ಬಳ್ಳಿಯಿಂದ ಗೋವಾಕ್ಕೆ ರೈಲಿನಲ್ಲಿ ಹೋದರೆ ಸಾಕು. ಕ್ಯಾಸಲ್‌ರಾಕ್ ದಾಟಿದ ಮೇಲೆ ದೂಧಸಾಗರದ ಪಕ್ಕದಿಂದ ರೈಲು ನೂರಾರು ಮೀಟರ್ ಕೆಳಗಿಳಿಯುತ್ತದೆ. ಆದರೆ ಧಾರವಾಡದ ಕಲ್ಲಿನ ಪಟ್ಟಿ ಘಟ್ಟದ ಮೇಲೂ ಇದೆ, ಇಳಿದ ಮೇಲೆ ಗೋವಾದಲ್ಲೂ ಇದೆ. ಅದಕ್ಕೇ ಭೂವಿಜ್ಞಾನಿಗಳು ‘ಶಿವಮೊಗ್ಗ-ಧಾರವಾಡ-ಗೋವಾ ಪಟ್ಟಿ’ ಎನ್ನುವುದು. ಒಂದೇ ರೊಟ್ಟಿಯನ್ನು ಅಂಚಿನಲ್ಲಿ ಮುರಿದಂತೆ, ಹಳೆಯ ಪಟ್ಟಿಯನ್ನು ಹೊಸ ಕಡಿತ ತುಂಡರಿಸಿದೆ. ಕಲ್ಲಿನ ವಯಸ್ಸು ಬೇರೆ, ಗುಡ್ಡದ ಆಕಾರದ ವಯಸ್ಸು ಬೇರೆ. ಹೆಚ್ಚಿನ ಫಾರ್ವರ್ಡ್‌ಗಳು ಎಡವುವುದು ಇಲ್ಲೇ.

ಆ ‘ಬಿರುಕು’ ಬಾಯಿ ತೆರೆಯುತ್ತದೆಯೇ?

ಮೊದಲನೆಯದಾಗಿ, ಪೂರ್ವ-ಪಶ್ಚಿಮ ಭಾಗಗಳ ಹಳೆಯ ಗಡಿ ಹುಬ್ಬಳ್ಳಿಯ ಕೆಳಗಿಲ್ಲ, ಪೂರ್ವಕ್ಕೆ ಗದಗ ಸೀಮೆಯಲ್ಲಿದೆ. ಎರಡನೆಯದಾಗಿ, ಅದು ತೆರೆದ ಬಿರುಕಲ್ಲ. ಒತ್ತಡ ಮತ್ತು ಶಾಖದಲ್ಲಿ ಬೆಸೆದುಹೋದ ವಲಯ. ಮೂರನೆಯದಾಗಿ, ಹಿಮಾಲಯದಲ್ಲಿ ಭಾರತ ಇಂದಿಗೂ ಏಷ್ಯಾವನ್ನು ಒತ್ತುತ್ತಿದೆ, ಅಲ್ಲಿ ದೊಡ್ಡ ಭೂಕಂಪ ಆಗುವುದು ಅದಕ್ಕೇ. ಗದಗದ ಆಚೆ-ಈಚೆಯ ನೆಲ ಒಂದೇ ಫಲಕದ ಭಾಗವಾಗಿ, ಒಂದೇ ದಿಕ್ಕಿಗೆ ಒಟ್ಟಿಗೆ ಸರಿಯುತ್ತಿದೆ.

ಹಾಗೆಂದು ಇಲ್ಲಿ ಭೂಕಂಪ ಆಗುವುದೇ ಇಲ್ಲ ಎನ್ನುವುದೂ ತಪ್ಪು. ಗಟ್ಟಿ ಎನಿಸಿಕೊಂಡ ದಕ್ಷಿಣ ಪ್ರಸ್ಥಭೂಮಿಯಲ್ಲೇ 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ, 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಭೂಕಂಪ ಆಗಿದೆ. ಕಿಲ್ಲಾರಿಯಲ್ಲಿ ಸುಮಾರು 10,000 ಜನ ಸತ್ತರು. ಕಂಪನದ ತೀವ್ರತೆ 6.2ರಷ್ಟಿತ್ತು. ಜೀವ ತೆಗೆದದ್ದು ಮುಖ್ಯವಾಗಿ ದಪ್ಪ ಕಲ್ಲು-ಮಣ್ಣಿನ ಗೋಡೆಗಳು, ಭಾರದ ಮಾಳಿಗೆಗಳು. 2002ರ ಭಾರತೀಯ ಮಾನಕ ಸಂಹಿತೆಯ ಪಟ್ಟಿಯಲ್ಲಿ ಧಾರವಾಡ 3ನೇ ವಲಯದಲ್ಲಿದೆ, ಅಂದರೆ ಮಧ್ಯಮ ಅಪಾಯ. ಅದರ ಅರ್ಥ ಊರು ಬಿಟ್ಟು ಓಡಿ ಎಂದಲ್ಲ. ಮನೆ ಕಟ್ಟುವಾಗ, ಅದರಲ್ಲೂ ಕೆಳಗೆ ಬರೀ ಕಂಬ ನಿಲ್ಲಿಸಿ ಪಾರ್ಕಿಂಗ್ ಬಿಡುವ ಅಪಾರ್ಟ್‌ಮೆಂಟ್ ಕೊಳ್ಳುವಾಗ, ಭೂಕಂಪ ತಡೆಯುವ ವಿನ್ಯಾಸ ಮಾಡಿದ್ದಾರೆಯೇ ಎಂದು ಎಂಜಿನಿಯರರನ್ನು ಕೇಳಿ ಎಂದು.

ಭೂಕಂಪದ ದಿನ, ಹೊತ್ತು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ದಿನಾಂಕ ಹಾಕಿ ಬಂದ ಸಂದೇಶ ಸುಳ್ಳು ಎಂದೇ ತಿಳಿಯಿರಿ.

ಬಂಗಾರ ಮತ್ತು ಬೋರ್‌ವೆಲ್

ಹಳೆಯ ಡಿಕ್ಕಿಯ ಇನ್ನೊಂದು ಉಳಿಕೆ ಬಂಗಾರ. ಒತ್ತಡದ ಕಾಲದಲ್ಲಿ ಆಳದಿಂದ ಬಿಸಿನೀರು ಸೀಳುಗಳ ಮೂಲಕ ಮೇಲೇರಿ, ಬಿಳಿ ಬೆಣಚುಕಲ್ಲಿನ ಎಳೆಗಳ ಜೊತೆ ಬಂಗಾರವನ್ನು ಬಿಟ್ಟುಹೋಯಿತು. ಕೋಲಾರ, ಹಟ್ಟಿ, ಗದಗ ಮೂರೂ ಇಂಥ ಪಟ್ಟಿಗಳ ಮೇಲಿವೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದರು. ಕಳೆದ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಕಬಲಾಯತಕಟ್ಟಿಯಂಥ ಕಡೆ ಗಣಿ ತೆಗೆದವು, ಅದು ಹೆಚ್ಚು ಕಾಲ ನಡೆಯಲಿಲ್ಲ. ಕೋಲಾರದಲ್ಲಿ 3 ಕಿ.ಮೀ.ಗೂ ಆಳಕ್ಕೆ ಇಳಿದ ಗಣಿ 2001ರಲ್ಲಿ ಮುಚ್ಚಿತು. ‘ಗುಡ್ಡದಲ್ಲಿ ಟನ್‌ಗಟ್ಟಲೆ ಬಂಗಾರ, ಜಮೀನು ಕೊಳ್ಳಿ’ ಎಂಬ ಸಂದೇಶ ಬಂದರೆ ನೆನಪಿಡಿ: ಒಂದು ಟನ್ ಕಲ್ಲಿನಲ್ಲಿ ಸಿಗುವುದು ಕೆಲವೇ ಗ್ರಾಂ. ಜೊತೆಗೆ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ.

ನಮ್ಮ ದಿನದ ಬದುಕಿಗೆ ಬಂಗಾರಕ್ಕಿಂತ ಹತ್ತಿರದ್ದು ನೀರು. ಪದರುಗಲ್ಲಿನ ಒಳಗೆ ನೀರು ತುಂಬಿಕೊಳ್ಳುವ ಜಾಗ ಇರುವುದಿಲ್ಲ. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮತ್ತು ಕೆಳಗಿನ ಸೀಳುಗಳಲ್ಲಿ. ಪದರಗಳು ನೆಟ್ಟಗೆ ವಾಲಿಕೊಂಡಿರುವುದರಿಂದ ಪಕ್ಕದ ಹೊಲದ ಬೋರ್ ತುಂಬಿ ಹರಿದರೂ ನಿಮ್ಮದು ಒಣಗಿರಬಹುದು. ಇದರಲ್ಲಿ ಅದೃಷ್ಟದ ಪಾಲಿಗಿಂತ ಸೀಳು ಹಾಯುವ ದಿಕ್ಕಿನ ಪಾಲು ದೊಡ್ಡದು. ಕೊರೆಸುವ ಮುನ್ನ ತೆಂಗಿನಕಾಯಿ ಹಿಡಿದು ಬರುವವರನ್ನು ಕೇಳುವ ಬದಲು ಭೂವಿಜ್ಞಾನಿಯೊಬ್ಬರಿಂದ ಜಾಗ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಫಾರ್ವರ್ಡ್ ಮಾಡುವ ಮುನ್ನ

• ‘ವಿಜ್ಞಾನಿಗಳು ಹೇಳಿದ್ದಾರೆ’ ಎಂದಿದ್ದರೆ ಯಾವ ಸಂಸ್ಥೆ, ಯಾವ ವರ್ಷ ಎಂದು ನೋಡಿ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

• ಕೋಟಿ ವರ್ಷದ ಹಿಂದಿನ ಘಟನೆಯನ್ನು ನಾಳೆಯ ಅಪಾಯಕ್ಕೆ ಗಂಟು ಹಾಕಿದ್ದರೆ ಅನುಮಾನಿಸಿ.

• ಕಂಪನದ ಸುದ್ದಿ ಬಂದಾಗ ರಾಷ್ಟ್ರೀಯ ಭೂಕಂಪ ಮಾಪನ ಕೇಂದ್ರ ಅಥವಾ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ನೋಡಿ.

• ಕಲ್ಲಿನ ಬಗ್ಗೆ ಕುತೂಹಲ ಇದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಭೂವಿಜ್ಞಾನ ವಿಭಾಗವಿದೆ.

ಒಟ್ಟಿನಲ್ಲಿ

ಹೇಳಿಕೆ: ಧಾರವಾಡದಲ್ಲಿ ಹಿಂದೆ ಹಿಮಾಲಯಕ್ಕಿಂತ ಎತ್ತರದ ಪರ್ವತವಿತ್ತು, ಪಶ್ಚಿಮ ಘಟ್ಟ ಅದರ ಉಳಿಕೆ, ಆ ಬಿರುಕು ಮತ್ತೆ ತೆರೆದು ಭೂಕಂಪ ಆಗಲಿದೆ.

ನಿಜ: ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಭಾಗಗಳು ಒತ್ತಿಕೊಂಡು ಇಲ್ಲಿ ಪರ್ವತ ಎದ್ದಿತ್ತು. ಅದು ಯಾವಾಗಲೋ ಸವೆದು ನೆಲಸಮವಾಗಿದೆ. ಅದರ ನೆರಿಗೆ, ಹೊಲಿಗೆ, ಬಂಗಾರ, ಬಳಪದ ಕಲ್ಲು ಉಳಿದಿವೆ. ಎತ್ತರದ ಮಾತಿಗೆ ಆಧಾರವಿಲ್ಲ, ಘಟ್ಟದ ಮಾತು ತಪ್ಪು, ಭೂಕಂಪದ ಮಾತು ಬರೀ ಹೆದರಿಕೆ.

ಮುಂದಿನ ಸಲ ಆ ಸಂದೇಶ ಬಂದಾಗ ಡಿಲೀಟ್ ಮಾಡಿ, ಬೇಕಿದ್ದರೆ ಅದರ ಬದಲು ಯಲ್ಲಮ್ಮನ ಗುಡ್ಡದ ಒಂದು ಫೋಟೊ ಕಳುಹಿಸಿ. ಸಪಾಟಾದ ಪರ್ವತದ ಮೇಲೆ ಬಿದ್ದ ಮರಳು ಗುಡ್ಡವಾಗಿ ನಿಂತ ಕಥೆ ಯಾವ ಭಯದ ಸುದ್ದಿಗಿಂತಲೂ ಚೆನ್ನಾಗಿದೆ, ಮತ್ತು ಅದು ನಿಜ.